ಮಲ್ಟಿಕಾಸ್ಟ್ ಲೇಖನ ಕಳಿಸಿದವರಿಗೆ: ಟ್ರೀ ಹೇಗೆ ಹುಟ್ಟುತ್ತೆ ಅಂತ ತೋರ್ಸಿ

ನಮಸ್ಕಾರ. ಮಲ್ಟಿಕಾಸ್ಟ್‌ಗೂ (ಒಂದೇ ಡೇಟಾನ ಒಂದು ಗ್ರೂಪಿನ ಕೇಳುಗರಿಗೆಲ್ಲ ಒಟ್ಟಿಗೆ ಕಳಿಸೋ ವಿಧಾನ) ಗ್ರಾಫ್ ಥಿಯರಿಗೂ (ನೋಡ್ ಅನ್ನೋ ಬಿಂದುಗಳು, ಅವನ್ನ ಜೋಡಿಸೋ ಗೆರೆಗಳ ಗಣಿತ) ಇರೋ ನಂಟಿನ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದ್ದೆ. ಈಗಿರೋ ಹಾಗೇ ಹಾಕಕ್ಕಾಗಲ್ಲ, ಆದ್ರೆ ವಿಷಯ ಮಾತ್ರ ಕೈಬಿಡಬೇಡಿ.

ಮೊದಲರ್ಧ ಮಲ್ಟಿಕಾಸ್ಟ್, ಇನ್ನರ್ಧ ಟ್ರೀ, ಎರಡೂ ಕೂಡೋ ಜಾಗನೇ ಬಂದಿಲ್ಲ. ಆ ಜಾಗ ರೌಟರ್, ಅಂದ್ರೆ ಪ್ಯಾಕೆಟ್ (ಡೇಟಾದ ಪುಟ್ಟ ತುಂಡು) ಯಾವ ಕಡೆ ಹೋಗ್ಬೇಕು ಅಂತ ನೋಡಿ ಕಳಿಸೋ ಸಾಧನ. ದಾರಿ ಕವಲೊಡೆಯೋ ಕಡೆ ಮಾತ್ರ ಪ್ಯಾಕೆಟ್ ಕಾಪಿ ಆಗುತ್ತೆ, ಹಾಗಾಗಿ ಆ ಕಡೆ ಸಾವಿರ ಜನ ನೋಡ್ತಿದ್ರೂ ಒಂದು ಲಿಂಕ್ ಮೇಲೆ ಒಂದೇ ಕಾಪಿ, ಅದೇ ಲೂಪ್ ಇದ್ರೆ ಪ್ಯಾಕೆಟ್ ಸುತ್ತಿ ಬಂದು ಮತ್ತೆ ಮತ್ತೆ ಕಾಪಿ ಆಗ್ತಾನೇ ಇರುತ್ತೆ, ಅದಕ್ಕೇ ಲೂಪ್ ಇಲ್ಲದ ಟ್ರೀ ಬೇಕು. ನಿಮ್ಮ ಆಲದ ಮರದ ಹೋಲಿಕೆ ಕೆಡೋದೂ ಇಲ್ಲೇ. ಬಿಳಲು ನೆಲಕ್ಕಿಳಿದು ಬೇರು ಬಿಟ್ಮೇಲೆ ಒಂದೇ ಕೊಂಬೆಗೆ ಎರಡು ದಾರಿ ಆಯ್ತಲ್ಲ, ಗ್ರಾಫ್ ಥಿಯರಿ ಟ್ರೀಯಲ್ಲಿ ಯಾವ ಎರಡು ನೋಡ್ ಮಧ್ಯೆನೂ ಒಂದೇ ದಾರಿ ಇರ್ಬೇಕು. ಅದನ್ನ ತೆಗೀರಿ.

ದೊಡ್ಡ ತಪ್ಪು ಇನ್ನೊಂದಿದೆ. ರೌಟರ್‌ಗಳು ಅತಿ ಕಮ್ಮಿ ಖರ್ಚಿನ ಸ್ಟೈನರ್ ಟ್ರೀ (ಬೇಕಾದ ನೋಡ್‌ಗಳನ್ನೆಲ್ಲ ಜೋಡಿಸೋ ಟ್ರೀ, ನಡುವೆ ಬೇರೆ ನೋಡ್ ಬಳಸಿದ್ರೂ ಸರಿ) ಲೆಕ್ಕ ಹಾಕ್ತವೆ ಅಂತ ಬರ್ದಿದೀರಿ. ಇಲ್ಲ. ಅದು ಎನ್‌ಪಿ-ಕಂಪ್ಲೀಟ್ ಸಮಸ್ಯೆ (ದೊಡ್ಡದಾದ್ರೆ ಬೇಗ ಬಿಡಿಸೋ ವಿಧಾನ ಯಾರಿಗೂ ಗೊತ್ತಿಲ್ಲದ್ದು), ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಕಾರ್ಪ್ 1972ರಲ್ಲಿ ಕೊಟ್ಟ 21 ಸಮಸ್ಯೆಗಳ ಪಟ್ಟಿಯಲ್ಲೇ ಇದೆ, ಮೇಲಾಗಿ ಗ್ರೂಪ್‌ಗೆ ಜನ ಸೇರ್ತಾ ಬಿಡ್ತಾ ಇರ್ತಾರೆ, ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕ್ತಾ ಕೂರಕ್ಕಾಗುತ್ತಾ? ಮಲ್ಟಿಕಾಸ್ಟ್‌ಗೆ ದಾರಿ ಹಾಕೋ ಪಿಐಎಂ ಪ್ರೋಟೊಕಾಲ್‌ನಲ್ಲಿ ಕೇಳುಗರ ಕಡೆ ರೌಟರ್ ಒಂದು ಜಾಯಿನ್ ಮೆಸೇಜ್ ಕಳಿಸುತ್ತೆ, ಅದು ಸೋರ್ಸ್ (ಡೇಟಾ ಕಳಿಸೋರು) ಕಡೆಗೋ ರಾಂಡೆವೂ ಪಾಯಿಂಟ್ (ಗ್ರೂಪಿಗೆ ಮೊದಲೇ ಗೊತ್ತು ಮಾಡಿದ ಸೇರೋ ಜಾಗದ ರೌಟರ್) ಕಡೆಗೋ ಒಂದೊಂದೇ ಹಾಪ್, ಅಂದ್ರೆ ಒಂದು ರೌಟರ್‌ನಿಂದ ಪಕ್ಕದ ರೌಟರ್‌ಗೆ, ದಾಟಿ ಹೋಗಿ, ಆಗಲೇ ಇರೋ ಕೊಂಬೆ ಸಿಕ್ಕ ಕಡೆ ನಿಲ್ಲುತ್ತೆ. ಪ್ರತಿ ರೌಟರ್ ನೋಡೋದು ತನ್ನ ಟೇಬಲ್ (ಮುಂದಿನ ಹಾಪ್ ಯಾವುದು ಅನ್ನೋ ಪಟ್ಟಿ) ಮಾತ್ರ, ಇಡೀ ನಕ್ಷೆ ಇಟ್ಕೊಂಡು ಟ್ರೀ ಕಟ್ಟೋರು ಯಾರೂ ಇಲ್ಲ. ಎಲೆಯಿಂದ ಬೇರಿನ ಕಡೆಗೆ ಬೆಳೆಯೋ ಟ್ರೀ ಇದು, ನನಗಂತೂ ಈ ವಿಷಯದಲ್ಲಿ ತುಂಬಾ ಇಷ್ಟ ಆಗೋದೇ ಇದು, ನಿಮ್ಮಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಒಂದು ಪುಟ್ಟ ಲೆಕ್ಕ ಹಾಕಿ ತೋರ್ಸಿ. ಎ ಸೋರ್ಸ್, ಬಿ ಮತ್ತು ಸಿ ಕೇಳುಗರು, ಮೂವರಲ್ಲಿ ಯಾರಿಂದ ಯಾರಿಗಾದ್ರೂ ನೇರ ಲಿಂಕ್‌ಗೆ ಖರ್ಚು 5. ನಡುವೆ ಡಿ, ಗ್ರೂಪ್‌ಗೆ ಸೇರದ ರೌಟರ್, ಅಲ್ಲಿಂದ ಮೂವರಿಗೂ 3. ನೇರ ಹೋದ್ರೆ ಒಟ್ಟು 10, ಡಿ ಮೂಲಕ ಹೋದ್ರೆ 9. ಆದ್ರೆ ಬಿಗೆ 5ರಲ್ಲಿ ಬರ್ತಿದ್ದ ಪ್ಯಾಕೆಟ್ 6 ತಗೊಳುತ್ತೆ. ಶಾರ್ಟೆಸ್ಟ್ ಪಾತ್ ಟ್ರೀಗೂ (ಪ್ರತಿ ಕೇಳುಗರಿಗೂ ಅತಿ ಕಮ್ಮಿ ಖರ್ಚಿನ ದಾರಿ ಹಿಡಿಯೋದು) ಸ್ಟೈನರ್ ಟ್ರೀಗೂ ಇರೋ ಎಳೆದಾಟ ಓದುಗರಿಗೆ ಇದರಲ್ಲೇ ಕಾಣುತ್ತೆ, ಎರಡು ಪುಟದ ವ್ಯಾಖ್ಯೆ ಬೇಡ.

ಐಪಿ ಮಲ್ಟಿಕಾಸ್ಟ್ ರೂಪಿಸಿದ ಸ್ಟೀವ್ ಡೀರಿಂಗ್ ಅವರ ಬಗ್ಗೆ ಇರೋ ಪ್ಯಾರಾ ಮೊಟಕು ಮಾಡಿ, ಅವರು ಬರೆದ 1989ರ ಆರ್‌ಎಫ್‌ಸಿ 1112 (ಇಂಟರ್ನೆಟ್ ತಾಂತ್ರಿಕ ದಾಖಲೆ) ಉಳಿಸ್ಕೊಳ್ಳಿ ಸಾಕು. ತಿದ್ದಿ ಕಳಿಸುವಾಗ ಮೇಲಿನ ಲೆಕ್ಕಕ್ಕೆ ಒಂದು ಚಿತ್ರನೂ ಬಿಡಿಸಿ ಕಳಿಸಿ, ಕೈಯಲ್ಲಿ ಬಿಡಿಸಿದ್ರೂ ನಡೆಯುತ್ತೆ.