ಡೆಪಾಸಿಟ್ ನಿನ್ನ ದುಡ್ಡು, ತಂಗಿ

ತಂಗಿ, ನಿನ್ನ ಪತ್ರ ಓದಿದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಗಂಡ ಮತ್ತು ಮೂರು ವರ್ಷದ ಮಗನನ್ನು ಕರೆದುಕೊಂಡು ದಾವಣಗೆರೆಯಿಂದ ಹೊರಡುತ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ಚಳಿ, ಊಟ, ಮಗುವಿನ ಶಾಲೆ ಎಲ್ಲಾ ಕೇಳಿದ್ದೀಯ. ಆದರೆ ನಿನ್ನನ್ನು ಜಾಸ್ತಿ ಕಾಡುತ್ತಿರುವುದು ಬಾಡಿಗೆ ಮನೆ. "ಗೋಡೆ ಮೇಲೆ ಒಂದು ಗೀರು ಬಿದ್ದರೂ, ಕಾರ್ಪೆಟ್ ಸವೆದರೂ ಡೆಪಾಸಿಟ್ ವಾಪಸ್ ಕೊಡಲ್ಲವಂತೆ. ಮಗು ಇರೋ ಮನೇಲಿ ಹೇಗಕ್ಕಾ?" ಅಂತ ಬರೆದಿದ್ದೀಯ. ಚಳಿಗೆ ಒಳ್ಳೆ ಕೋಟು ಕೊಂಡರೆ ಆಯಿತು. ಜೋಳದ ಹಿಟ್ಟು, ಬೇಳೆ, ಸಾಸಿವೆ ಎಲ್ಲಾ ಅಲ್ಲೇ ಸಿಗುತ್ತದೆ, ಹೊತ್ತುಕೊಂಡು ಹೋಗಬೇಡ. ಮನೆಯ ವಿಷಯವನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ನೀನು ಅಕ್ಕಾ ಅಂದಿದ್ದಕ್ಕೆ ನಾನೂ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

ಡೆಪಾಸಿಟ್ ನಿನ್ನ ದುಡ್ಡು. ಮನೆ ಬಿಡುವ ದಿನದವರೆಗೂ, ಬಿಟ್ಟ ಮೇಲೂ ನಿನ್ನದೇ. ಅದರಲ್ಲಿ ಒಂದು ಪೌಂಡ್ ಹಿಡಿಯಬೇಕಾದರೂ ಯಾಕೆ ಅಂತ ತೋರಿಸಿಕೊಡಬೇಕಾದವರು ಓನರ್. ನೀನು ತಪ್ಪು ಮಾಡಿಲ್ಲ ಅಂತ ನೀನು ಸಾಬೀತು ಮಾಡಬೇಕಾಗಿಲ್ಲ. ನಮ್ಮೂರಲ್ಲಿ ಅಡ್ವಾನ್ಸ್ ಕೊಟ್ಟ ಮೇಲೆ ಅದು ಓನರ್ ಕೈಯಲ್ಲಿರುವ ದುಡ್ಡು. ವಾಪಸ್ ಬಂದಷ್ಟು ಬಂತು ಅಂದುಕೊಳ್ಳುತ್ತೇವೆ. ಆ ಲೆಕ್ಕವನ್ನು ದಾವಣಗೆರೆಯಲ್ಲೇ ಬಿಟ್ಟು ಹೋಗು.

ಇಂಗ್ಲೆಂಡಿನ ಕಾನೂನು ಹೀಗಿದೆ. ಸ್ಕಾಟ್ಲೆಂಡ್, ವೇಲ್ಸ್‌ಗೆ ಬೇರೆ ನಿಯಮಗಳಿವೆ, ಅದು ನಿನಗೆ ಬೇಕಾಗಿಲ್ಲ. 2007ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಡೆಪಾಸಿಟ್ಟನ್ನು ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ನೋಂದಾಯಿಸಲೇಬೇಕು. ಅಂಥ ಯೋಜನೆಗಳು ಮೂರಿವೆ: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್ ಮತ್ತು ಟೆನೆನ್ಸಿ ಡೆಪಾಸಿಟ್ ಸ್ಕೀಮ್. ದುಡ್ಡು ಕೈಗೆ ಬಂದ 30 ದಿನದೊಳಗೆ ಓನರ್ ಈ ಕೆಲಸ ಮುಗಿಸಿ, ಯಾವ ಯೋಜನೆಯಲ್ಲಿ ಇಟ್ಟಿದ್ದಾರೆ ಅಂತ ನಿನಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದುಡ್ಡನ್ನು ನಿನಗೆ ಕೊಡಿ ಅಂತ ಕೋರ್ಟು ಹೇಳಬಹುದು. ಎಷ್ಟು ಕೇಳಬಹುದು ಅನ್ನುವುದಕ್ಕೂ ಮಿತಿ ಇದೆ. 2019ರ ಜೂನ್‌ನಿಂದ, ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ತಿಂಗಳಿಗೆ 900 ಪೌಂಡ್ ಬಾಡಿಗೆಯ ಮನೆಯಾದರೆ ಸುಮಾರು 1,038 ಪೌಂಡ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಿದವರಿಗೆ ಇದು ಸಣ್ಣದು ಅನ್ನಿಸಬಹುದು. ಆದರೆ ಹೊಸದಾಗಿ ಬಂದವರಿಗೆ ಆ ದುಡ್ಡೇ ಮುಂದಿನ ಮನೆಯ ಡೆಪಾಸಿಟ್.

ಈಗ ಮೊದಲ ದಿನದ ಮಾತು. ನನ್ನ ಪ್ರಕಾರ ಅರ್ಧ ಜಗಳ ಅಲ್ಲೇ ಗೆದ್ದು ಹೋಗುತ್ತದೆ, ಇಲ್ಲವೇ ಸೋತು ಹೋಗುತ್ತದೆ.

ಕೀಲಿ ಕೊಡುವಾಗ, ಓನರ್ ಪರವಾಗಿ ಮನೆ ನೋಡಿಕೊಳ್ಳುವ ಏಜೆಂಟ್ ನಿನಗೆ ಸಾಮಾನ್ಯವಾಗಿ ಚೆಕ್-ಇನ್ ರಿಪೋರ್ಟ್ ಕೊಡುತ್ತಾರೆ. ಪ್ರತಿ ಕೋಣೆಯ ಗೋಡೆ, ಕಾರ್ಪೆಟ್, ಕಿಟಕಿ, ಒಲೆ, ಸಿಂಕು ಹೇಗಿದೆ ಅಂತ ಅದರಲ್ಲಿ ಬರೆದಿರುತ್ತದೆ. ತಿದ್ದುಪಡಿ ಹೇಳಲು ಸಾಮಾನ್ಯವಾಗಿ ಕೆಲವೇ ದಿನ ಕೊಡುತ್ತಾರೆ. ಪ್ರಯಾಣದ ಸುಸ್ತು, ಅಳುವ ಮಗು, ಬಿಚ್ಚದ ಸೂಟ್‌ಕೇಸು, ಎಲ್ಲಾ ಇರುತ್ತದೆ. ಆದರೂ ಅದನ್ನು ಓದದೆ ಸಹಿ ಹಾಕಬೇಡ. ಮೊಬೈಲ್ ಹಿಡಿದುಕೊಂಡು ಬಾಗಿಲಿನಿಂದ ಶುರು ಮಾಡಿ ಪ್ರತಿ ಕೋಣೆಯ ಫೋಟೋ ತೆಗೆ. ದೂರದಿಂದ ಒಂದು, ಕಲೆ ಇದ್ದ ಕಡೆ ಹತ್ತಿರದಿಂದ ಇನ್ನೊಂದು. ಓವನ್ನಿನ ಬಾಗಿಲು ತೆಗೆದು ಒಳಗೂ ತೆಗೆ. ಫ್ರಿಜ್ಜಿನ ರಬ್ಬರು, ಬಾತ್‌ರೂಮಿನ ಟೈಲ್ಸ್ ನಡುವಿನ ಕಪ್ಪು ಗೆರೆ, ಹಾಸಿಗೆಯ ಎರಡೂ ಮಗ್ಗುಲು, ಕರ್ಟನ್ನಿನ ಅಂಚು, ಮೀಟರಿನ ಓದು, ಯಾವುದನ್ನೂ ಬಿಡಬೇಡ. ರಿಪೋರ್ಟಿನಲ್ಲಿ ಇಲ್ಲದ ಕಲೆ ಕಂಡರೆ ಅವತ್ತೇ ಈಮೇಲ್ ಮಾಡು. ಫೋನಿನಲ್ಲಿ ಹೇಳಿದ್ದು ಎರಡು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಹಾಲು ಉಕ್ಕಿಸದೆ ನೀನು ಮನೆ ಸೇರುವುದಿಲ್ಲ ಅಂತ ಗೊತ್ತು. ಉಕ್ಕಿಸು, ಆದರೆ ಫೋಟೋ ತೆಗೆದಾದ ಮೇಲೆ. ಅಲ್ಲಿ ಸುಮಾರು ಮನೆಗಳಲ್ಲಿ ಒಲೆ ಗಾಜಿನದು. ಚೆಲ್ಲಿದ ಹಾಲು ಬಿಸಿ ಗಾಜಿನ ಮೇಲೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಕ್ಕುತ್ತಿದ್ದಂತೆ ಒಲೆ ಆರಿಸಿ, ಗಾಜು ಸ್ವಲ್ಪ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡು. ಒಣಗಿ ಕೂತರೆ ಗಾಜಿಗೆಂದೇ ಮಾರುವ ಬ್ಲೇಡಿನ ಸ್ಕ್ರೇಪರ್ ಬೇಕಾಗುತ್ತದೆ. ಸ್ಟೀಲ್ ನಾರು ಮಾತ್ರ ಮುಟ್ಟಿಸಬೇಡ. ಆ ಗೀರು ಸವೆತ ಅಲ್ಲ, ಅದಕ್ಕೆ ದುಡ್ಡು ಹಿಡಿಯಬಹುದು.

ಸವೆತ ಯಾವುದು, ಹಾನಿ ಯಾವುದು ಅನ್ನುವುದೇ ನಿನ್ನ ಪ್ರಶ್ನೆಯ ತಿರುಳು. ಮನೆಯನ್ನು ಸರಿಯಾಗಿ ಬಳಸಿದರೂ ತಾನಾಗಿ ಆಗುವ ಸವೆತ, ಬಿಸಿಲು ಗಾಳಿಯಿಂದ ಆಗುವ ಬದಲಾವಣೆ, ಇದನ್ನು ಅಲ್ಲಿ ಫೇರ್ ವೇರ್ ಅಂಡ್ ಟೇರ್ ಅನ್ನುತ್ತಾರೆ. ಅದಕ್ಕೆ ನಿನ್ನಿಂದ ದುಡ್ಡು ಕೇಳುವಂತಿಲ್ಲ. ದಿನಾ ಓಡಾಡುವ ಬಾಗಿಲ ಬಳಿ ಕಾರ್ಪೆಟ್ ಚಪ್ಪಟೆಯಾಗುವುದು, ಸೋಫಾ ಕಾಲಿನ ಗುಳಿ, ಬಿಸಿಲಿಗೆ ಮಾಸಿದ ಕರ್ಟನ್, ಕಾರಿಡಾರಿನ ಗೋಡೆಗೆ ಮೈ ತಾಗಿ ಆದ ಸಣ್ಣ ಗುರುತು, ಸಡಿಲಾದ ಬಾಗಿಲ ಹಿಡಿ, ಇವೆಲ್ಲ ಸವೆತ. ಇಸ್ತ್ರಿ ಪೆಟ್ಟಿಗೆಯಿಂದ ಸುಟ್ಟ ಗುರುತು, ಗೋಡೆ ಮೇಲೆ ಮಗು ಬರೆದ ಬಣ್ಣದ ಪೆನ್ನಿನ ಚಿತ್ರ, ಒಡೆದ ಗಾಜು, ಇವು ಹಾನಿ. ಹರಿಹರದ ಕಡೆಯ ನನ್ನ ಗೆಳತಿಯೊಬ್ಬಳು ಸೀಟಿ ಹೊಡೆಯುತ್ತಿದ್ದ ಕುಕ್ಕರನ್ನು ಒಲೆಯಿಂದ ಇಳಿಸಿ ಸೀದಾ ಅಡುಗೆ ಕಟ್ಟೆಯ ಮೇಲೆ ಇಟ್ಟುಬಿಟ್ಟಳು. ನಮ್ಮೂರಿನ ಗ್ರಾನೈಟ್ ಕಟ್ಟೆಗೆ ಏನೂ ಆಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಕಟ್ಟೆಯ ಮೇಲಿರುವುದು ಲ್ಯಾಮಿನೇಟ್. ಕುಕ್ಕರಿನ ತಳದಷ್ಟೇ ದುಂಡಗೆ ಉಬ್ಬಿ ಬಿಳಿಚಿಕೊಂಡಿತು. ಅವಳು ಅದಕ್ಕೆ ದುಡ್ಡು ಕೊಟ್ಟಳು, ಕೊಡಬೇಕಾದದ್ದೇ. ಅರಿಶಿನದ ಕಲೆಯೂ ಹಾಗೇ. ಬಿದ್ದ ಕೂಡಲೇ ಒರೆಸು.

ಹಾನಿಯೇ ಆಗಿದ್ದರೂ ಹಳೆಯದಕ್ಕೆ ಹೊಸದರ ಬೆಲೆ ಕೊಡಬೇಕಾಗಿಲ್ಲ. ಇದು ಗೊತ್ತಿಲ್ಲದೆ ನಮ್ಮವರು ಎಷ್ಟೋ ದುಡ್ಡು ಕಳೆದುಕೊಳ್ಳುತ್ತಾರೆ. ಒಂದು ಕಾರ್ಪೆಟ್ 600 ಪೌಂಡಿನದು, ಹತ್ತು ವರ್ಷ ಬಾಳುವಂಥದ್ದು ಅಂದುಕೋ. ನೀನು ಮನೆ ಬಿಡುವ ಹೊತ್ತಿಗೆ ಅದಕ್ಕೆ ಎಂಟು ವರ್ಷ ಆಗಿದ್ದರೆ ಉಳಿದ ಆಯಸ್ಸು ಎರಡು ವರ್ಷ. ಅದು ಪೂರ್ತಿ ಹಾಳಾಗಿದ್ದರೂ ನಿನ್ನ ಪಾಲು 120 ಪೌಂಡ್ ಆಸುಪಾಸು, 600 ಅಲ್ಲ. ಮಗುವಿನ ಬಗ್ಗೆಯೂ ಹೆದರಬೇಡ. ಎಷ್ಟು ಜನ ಇದ್ದರು, ಮಕ್ಕಳಿದ್ದರಾ, ಎಷ್ಟು ವರ್ಷ ಇದ್ದರು ಅನ್ನುವುದನ್ನು ನೋಡಿಯೇ ಸವೆತವನ್ನು ಅಳೆಯುತ್ತಾರೆ. ಮಕ್ಕಳಿರುವ ಕುಟುಂಬಕ್ಕೆ ಮನೆ ಕೊಟ್ಟವರು ಒಂಟಿ ಮನುಷ್ಯನ ಮನೆಯಷ್ಟು ನಯವಾಗಿ ವಾಪಸ್ ಬರಬೇಕು ಅಂತ ಕೇಳುವುದು ನ್ಯಾಯ ಅಲ್ಲ.

ಇಂಗ್ಲೆಂಡಿನಲ್ಲಿ ನಮ್ಮ ಹಿಂದಿನ ಮನೆ ಬಿಟ್ಟಾಗ ಏಜೆಂಟ್ ಹಾಲ್‌ಗೆ ಪೂರ್ತಿ ಹೊಸ ಕಾರ್ಪೆಟ್ಟಿನ ದುಡ್ಡು ಕೇಳಿದರು. ಬಾಗಿಲ ಬಳಿ ನೂಲು ಸವೆದಿತ್ತು, ಕಿಟಕಿ ಪಕ್ಕ ಅಂಗೈಯಗಲದ ಟೀ ಕಲೆ ಇತ್ತು. ನಾನು ಚೆಕ್-ಇನ್ ರಿಪೋರ್ಟಿನ ಆ ಪುಟವನ್ನೇ ಕಳಿಸಿದೆ. ಬಾಗಿಲ ಬಳಿ ಸವೆದಿದೆ ಅಂತ ಅವರೇ ಬರೆದಿದ್ದರು. ಆದರೂ ಒಪ್ಪಲಿಲ್ಲ. ವಿಷಯ ಡೆಪಾಸಿಟ್ ಯೋಜನೆಯ ತೀರ್ಪುಗಾರರ ಮುಂದೆ ಹೋಯಿತು. ಅವರು ಕಲೆ ತೆಗೆಸುವ ಖರ್ಚನ್ನು ಮಾತ್ರ ಹಿಡಿದು ಉಳಿದದ್ದನ್ನು ನಮಗೆ ಕೊಡಿಸಿದರು. ಯಾರೂ ಕೂಗಾಡಲಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ.

ನಾನೀಗ ರಜೆಗೆ ಬಂದು ದಾವಣಗೆರೆಯಲ್ಲೇ ಇದ್ದೇನೆ, ವಿನೋಬನಗರದ ನಮ್ಮ ಮನೆಯಲ್ಲಿ. ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಕುಟುಂಬ ಈ ತಿಂಗಳು ಖಾಲಿ ಮಾಡುತ್ತಿದೆ. ಅಪ್ಪ ರೂಢಿಯಂತೆ "ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯೋಣ" ಅಂದರು. ನಾನು ಅವರನ್ನು ಕರೆದುಕೊಂಡು ಕೆಳಗೆ ಹೋದೆ. ಅಡುಗೆ ಮನೆಯಲ್ಲಿ ಒಲೆಯ ಮೇಲಿನ ಗೋಡೆ ಒಗ್ಗರಣೆ ಹೊಗೆಗೆ ಹಳದಿಯಾಗಿದೆ. ಪಡುವಣ ಬಿಸಿಲಿಗೆ ಹಾಲ್‌ನ ಗೋಡೆಯ ಬಣ್ಣ ಮಾಸಿದೆ. ಕ್ಯಾಲೆಂಡರಿಗೆ ಹೊಡೆದ ಎರಡು ಮೊಳೆ. ಇಷ್ಟೇ. ಬಚ್ಚಲಿನ ವಾಶ್‌ಬೇಸಿನ್ ಮಾತ್ರ ಏನೋ ಬಿದ್ದು ಸೀಳಿದೆ. ಐದು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಬಣ್ಣ ಮಾಸದೆ ಇರುತ್ತದೆಯಾ ಅಪ್ಪಾ ಅಂದೆ. "ಅಗ್ರಿಮೆಂಟಲ್ಲೇ ಬರೆದೈತಲ್ಲ" ಅಂದರು. ಬರೆದಿರುವುದು ನಿಜ, ನಮ್ಮೂರಿನ ಹನ್ನೊಂದು ತಿಂಗಳ ಅಗ್ರಿಮೆಂಟುಗಳಲ್ಲಿ ಎಲ್ಲರೂ ಬರೆಸುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಬೇಡ ಅಂದಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡರಷ್ಟೇ ಜಾರಿಗೆ ಬರುತ್ತದೆ.

ನನಗೆ ಬೇಜಾರಾಗಿದ್ದು ಅಗ್ರಿಮೆಂಟಿನಿಂದಲ್ಲ. ಮೇಷ್ಟ್ರು ಮೇಲೆ ಬಂದು, ನಾವು ಬಾಯಿ ತೆರೆಯುವ ಮೊದಲೇ "ನೀವು ಹೇಳಿದಷ್ಟು ಹಿಡ್ಕೊಳ್ಳಿ ಸಾರ್" ಅಂದುಬಿಟ್ಟರು. ಅವರ ಮುಖದಲ್ಲಿ ಸಂಕೋಚ ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೆ ಬೇಸಿನ್ನಿನ ದುಡ್ಡು ಹಿಡಿದು ಉಳಿದದ್ದನ್ನು ಕೊಟ್ಟೆವು, ಅಪ್ಪನೂ ಒಪ್ಪಿದರು. ಇದೇ ಸಂಕೋಚ ನಮ್ಮ ಜೊತೆ ವಿಮಾನ ಹತ್ತಿ ಬರುತ್ತದೆ. ಹೊಸಬರು, ಹೊರಗಿನವರು, ಇಂಗ್ಲಿಷ್ ಸರಾಗ ಬರುವುದಿಲ್ಲ, ಫೋಟೋ ತೆಗೆದರೆ ಓನರ್ ಏನಂದುಕೊಳ್ಳುತ್ತಾರೋ, ಹೋಗ್ಲಿ ಬಿಡು. ಹೀಗೆ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಲೀಡ್ಸ್‌ನಲ್ಲಿ ಎಲ್ಲವನ್ನೂ ಬರೆದಿಟ್ಟುಕೊಳ್ಳುವುದು ಅವಮಾನ ಅಲ್ಲ, ಒಳ್ಳೆ ಓನರ್‌ಗಳೂ ಅದನ್ನೇ ಬಯಸುತ್ತಾರೆ.

ಇನ್ನು ಬೂಸ್ಟು. ನಮ್ಮೂರಿನ ಬಿಸಿಲಲ್ಲಿ ಟೆರೇಸಿಗೆ ಹಾಕಿದ ಬಟ್ಟೆ ಎಷ್ಟು ಬೇಗ ಒಣಗುತ್ತದೆ ಅಂತ ನಿನಗೆ ಗೊತ್ತು. ಅಲ್ಲಿ ನವೆಂಬರ್‌ನಿಂದ ಬಟ್ಟೆ ಮನೆಯೊಳಗೇ ಒಣಗಬೇಕು. ಕಿಟಕಿ ಮುಚ್ಚಿರುತ್ತದೆ, ಅನ್ನ ಸಾರು ಕುದಿಯುತ್ತದೆ, ಬಿಸಿನೀರಿನ ಸ್ನಾನ. ಆ ಹಬೆಯೆಲ್ಲ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ, ಮೂಲೆಯಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ಓನರ್ "ನಿಮ್ಮ ಅಡುಗೆಯಿಂದ" ಅನ್ನುತ್ತಾರೆ, ಬಾಡಿಗೆಯವರು "ನಿಮ್ಮ ಗೋಡೆಯಿಂದ" ಅನ್ನುತ್ತಾರೆ. ಎರಡೂ ಇರಬಹುದು. ನಿನ್ನ ಪಾಲಿನದು ನೀನು ಮಾಡು: ಪಾತ್ರೆಗೆ ಮುಚ್ಚಳ, ಅಡುಗೆ ಮತ್ತು ಸ್ನಾನದ ಹೊತ್ತಲ್ಲಿ ಫ್ಯಾನ್, ಬೆಳಗ್ಗೆ ಸ್ವಲ್ಪ ಹೊತ್ತು ಕಿಟಕಿ ತೆಗೆಯುವುದು, ಬೀರುವನ್ನು ಹೊರಗೋಡೆಗೆ ಅಂಟಿಸದೆ ಇಡುವುದು. ಮೊದಲ ಚುಕ್ಕೆ ಕಂಡ ದಿನವೇ ಫೋಟೋ ಸಮೇತ ಏಜೆಂಟ್‌ಗೆ ಈಮೇಲ್ ಹಾಕು. ಸುಮ್ನೆ ಇದ್ದರೆ ಆಮೇಲೆ ನೀನು ತಿಳಿಸಲಿಲ್ಲ, ಅದಕ್ಕೇ ಹರಡಿತು ಅನ್ನುತ್ತಾರೆ. ಗೋಡೆ, ಚಾವಣಿ, ನೀರಿನ ಪೈಪು, ಹೀಟಿಂಗ್ ರಿಪೇರಿ ಅಲ್ಲಿನ 1985ರ ಬಾಡಿಗೆ ಮನೆ ಕಾಯ್ದೆಯ ಪ್ರಕಾರ ಓನರ್ ಹೊಣೆ.

ಮಗು ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಲೀಡ್ಸ್‌ನಿಂದ ದೂರವೇನಲ್ಲದ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಸ್ಟೇ ಕಾರಣ ಅಂತ 2022ರಲ್ಲಿ ವಿಚಾರಣೆಯಲ್ಲಿ ಹೊರಬಂತು. ತಂದೆ ತಾಯಿ ದೂರು ಕೊಟ್ಟಿದ್ದರು, ಆದರೆ ಮನೆಯವರ ಬದುಕುವ ರೀತಿಯೇ ಕಾರಣ ಅಂತ ಮನೆ ಕೊಟ್ಟವರು ಅಂದುಕೊಂಡಿದ್ದರು. ಅದಾದ ಮೇಲೆ ಆ ಮಗುವಿನ ಹೆಸರಲ್ಲೇ ಕಾನೂನು ಬಂತು. 2025ರ ಅಕ್ಟೋಬರ್‌ನಿಂದ ಸೋಷಿಯಲ್ ಹೌಸಿಂಗ್ ಮನೆಗಳಿಗೆ, ಅಂದರೆ ಕೌನ್ಸಿಲ್ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, ಅದು ಜಾರಿಯಾಗಿದೆ. ಬೂಸ್ಟಿನ ಬಗ್ಗೆ ದೂರು ಕೊಡುವಾಗ ನಾಚಿಕೆ ಬೇಡ.

ಮನೆ ಬಿಡುವಾಗ ಅತಿ ಹೆಚ್ಚು ಜಗಳ ಆಗುವುದು ಕ್ಲೀನಿಂಗ್ ವಿಷಯಕ್ಕೆ. ಕೊಳೆ ಸವೆತದ ಲೆಕ್ಕಕ್ಕೆ ಬರುವುದಿಲ್ಲ. ಬಂದಾಗ ಎಷ್ಟು ಚೊಕ್ಕಟವಾಗಿತ್ತೋ ಅಷ್ಟೇ ಚೊಕ್ಕಟವಾಗಿ ಕೊಡಬೇಕು. ಇಂಥ ಕಂಪನಿಯಿಂದಲೇ ಮಾಡಿಸಿ ಅಂತ ಒತ್ತಾಯ ಮಾಡುವಂತಿಲ್ಲ, ನೀನೇ ಉಜ್ಜಿ ತೊಳೆದರೂ ನಡೆಯುತ್ತದೆ. ನಮ್ಮ ಥರದ ಅಡುಗೆ ಮಾಡುವವರು ಮರೆಯುವುದು ಒಲೆಯ ಮೇಲಿನ ಫ್ಯಾನಿನ ಜಾಲರಿ. ಒಗ್ಗರಣೆ ಎಣ್ಣೆ ಜೇನಿನ ಹಾಗೆ ಅಂಟಿಕೊಂಡಿರುತ್ತದೆ. ಬಿಸಿನೀರು, ಸೋಡಾ ಪುಡಿಯಲ್ಲಿ ನೆನೆಹಾಕಿ ಉಜ್ಜು. ಆಮೇಲೆ ಮೊದಲ ದಿನ ನಿಂತ ಜಾಗಗಳಲ್ಲೇ ನಿಂತು ಮತ್ತೆ ಫೋಟೋ ತೆಗೆ.

ದುಡ್ಡು ಹಿಡಿಯುತ್ತೇವೆ ಅಂದರೆ ಯಾವುದಕ್ಕೆ ಎಷ್ಟು, ಬಿಲ್ ಎಲ್ಲಿ, ಆ ವಸ್ತುವಿಗೆ ಎಷ್ಟು ವರ್ಷ ಆಗಿದೆ ಅಂತ ಈಮೇಲ್‌ನಲ್ಲಿ ಕೇಳು. ನ್ಯಾಯ ಅನ್ನಿಸಿದ್ದನ್ನು ಒಪ್ಪಿಕೋ, ಉಳಿದದ್ದನ್ನು ಒಪ್ಪಲ್ಲ ಅಂತ ಬರೆ. ಒಪ್ಪಿದ ಮೊತ್ತ ಹತ್ತು ದಿನದೊಳಗೆ ಬರಬೇಕು. ಜಗಳದ ಭಾಗವನ್ನು ಡೆಪಾಸಿಟ್ ಯೋಜನೆಯವರ ತೀರ್ಪಿಗೆ ಬಿಡು. ಅದಕ್ಕೆ ಫೀಸು ಇಲ್ಲ, ವಕೀಲರೂ ಬೇಡ, ಕಾಗದ ಮತ್ತು ಫೋಟೋ ನೋಡಿಯೇ ತೀರ್ಮಾನ ಮಾಡುತ್ತಾರೆ. ಮನೆ ಬಿಟ್ಟ ಮೂರು ತಿಂಗಳೊಳಗೆ ದೂರು ಹಾಕುವುದು ಕ್ಷೇಮ.

ಒಂದು ಎಚ್ಚರಿಕೆ. ಮೊದಮೊದಲು ಯಾರೋ ನಮ್ಮವರ ಮನೆಯಲ್ಲಿ ಒಂದು ರೂಮು ಹಿಡಿಯುವ ಯೋಚನೆ ಇದೆ ಅಂದಿದ್ದೀಯ. ಓನರ್ ಅದೇ ಮನೆಯಲ್ಲಿ ವಾಸ ಇದ್ದರೆ ನಿನ್ನನ್ನು ಲಾಡ್ಜರ್ ಅನ್ನುತ್ತಾರೆ. ಆಗ ಮೇಲೆ ಹೇಳಿದ ಡೆಪಾಸಿಟ್ ಯೋಜನೆಯ ರಕ್ಷಣೆ ಇರುವುದಿಲ್ಲ. ಕನ್ನಡದವರು, ಊರಿನವರು ಅಂತ ಬಾಯಿ ಮಾತಲ್ಲಿ ಬಿಡಬೇಡ. ಎಷ್ಟು ಕೊಟ್ಟೆ, ಯಾವಾಗ ವಾಪಸ್ ಅಂತ ಒಂದು ಮೆಸೇಜಾದರೂ ಇರಲಿ. ದಾವಣಗೆರೆಯಲ್ಲಿ ಕೂತು, ಮನೆಯನ್ನು ಯಾರೂ ನೋಡದೆ, ಬರೀ ಫೋಟೋ ನಂಬಿ ಯಾರ ಖಾತೆಗೂ ದುಡ್ಡು ಹಾಕಬೇಡ.

ನಾನು ಮುಂದಿನ ವಾರದವರೆಗೆ ಇಲ್ಲೇ ಇರುತ್ತೇನೆ. ಏಜೆಂಟ್ ಕಳಿಸಿದ ಅಗ್ರಿಮೆಂಟ್ ಇದ್ದರೆ ತಗೊಂಡು ಬಾ, ಯಜಮಾನರನ್ನೂ ಕರೆದುಕೊಂಡು ಬಾ. ಕೂತು ಒಂದೊಂದೇ ಸಾಲು ಓದೋಣ.