ಓದುಗರ ಪ್ರಶ್ನೆ, ನಮ್ಮ ಉತ್ತರ: ಡಿಜಿಟಲ್ ಪ್ಯಾನೆಲ್ ಮೀಟರಿನ ಜೋಡಣೆ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ಯಾನೆಲ್ ಬೋರ್ಡಿಗೆ ಕೂರಿಸುವ ಡಿಜಿಟಲ್ ಮೀಟರುಗಳನ್ನು ಕುರಿತವು. ಬಹುಪಾಲು ಪತ್ರಗಳು ‘ಮೀಟರು ಕೆಟ್ಟಿದೆ’ ಎಂದೇ ಆರಂಭವಾಗುತ್ತವೆಯಾದರೂ, ವಿವರಗಳನ್ನು ಓದಿದ ಮೇಲೆ ನಮಗೆ ಕಂಡದ್ದು ಬೇರೆ: ಮೀಟರು ತನಗೆ ತಂತಿಯಲ್ಲಿ ಬಂದು ತಲುಪಿದ್ದನ್ನು ಸರಿಯಾಗಿಯೇ ತೋರಿಸುತ್ತಿದೆ, ದೋಷ ಇರುವುದು ಅದರ ಹಿಂಬದಿಯ ಜೋಡಣೆಯಲ್ಲಿ ಅಥವಾ ಅದಕ್ಕೆ ಕೊಟ್ಟ ಸೆಟ್ಟಿಂಗಿನಲ್ಲಿ. 230 ಮತ್ತು 415 ವೋಲ್ಟಿನ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕೆಂಬುದು ಮುಂದಿನ ಎಲ್ಲ ಉತ್ತರಗಳಿಗೂ ಅನ್ವಯಿಸುತ್ತದೆ.

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ಮುಖ್ಯ ಪ್ಯಾನೆಲ್ಲಿನಲ್ಲಿದ್ದ 0–200 ಆಂಪಿಯರಿನ ಮುಳ್ಳಿನ ಅಮ್ಮೀಟರನ್ನು ತೆಗೆದು, ಅದೇ ತಂತಿಗಳಿಗೆ ಡಿಜಿಟಲ್ ಅಮ್ಮೀಟರನ್ನು ಜೋಡಿಸಿದ್ದೇವೆ. ಮೊದಲು ಮುಳ್ಳು 150ರಲ್ಲಿ ನಿಲ್ಲುತ್ತಿದ್ದಷ್ಟೇ ಲೋಡ್ ಈಗಲೂ ಇದ್ದರೂ ಹೊಸ ಮೀಟರು 3.75 ಎಂದು ತೋರಿಸುತ್ತಿದೆ. ಗಿರಣಿ ನಡೆಯುತ್ತಿರುವಾಗಲೇ ಅದನ್ನು ಬಿಚ್ಚಿ ಬೇರೆ ಮೀಟರು ಹಾಕಬಹುದೇ? ಮುಂದೆ ಅದನ್ನು 30 ಮೀಟರು ದೂರದ ಕಚೇರಿ ಕೋಣೆಗೆ ಒಯ್ಯುವ ಯೋಚನೆಯೂ ಇದೆ.
— ಗಂಗಾವತಿಯ ಓದುಗರೊಬ್ಬರು

ಉತ್ತರ: ಬದಲಿಸುವ ಅಗತ್ಯವಿಲ್ಲ. ನಿಮ್ಮ ಬಸ್‌ಬಾರಿನ (ಮುಖ್ಯ ಕರೆಂಟು ಹರಿಯುವ ಲೋಹದ ಪಟ್ಟಿ) ಸುತ್ತ ಇರುವ ಕರೆಂಟ್ ಟ್ರಾನ್ಸ್‌ಫಾರ್ಮರು, ಅಂದರೆ ಎಲ್ಲರೂ ಸಿ.ಟಿ. ಎಂದು ಕರೆಯುವ ಉಂಗುರ, 200/5 ಅನುಪಾತದ್ದಾಗಿರಬೇಕು. ಬಸ್‌ಬಾರಿನಲ್ಲಿ 200 ಆಂಪಿಯರ್ ಹರಿದಾಗ ಸಿ.ಟಿ.ಯ ಸೆಕೆಂಡರಿಯಲ್ಲಿ, ಅಂದರೆ ಮೀಟರಿಗೆ ಹೋಗುವ ಸುರುಳಿಯಲ್ಲಿ, 5 ಆಂಪಿಯರ್ ಹರಿಯುತ್ತದೆ. 150 ಹರಿದಾಗ 3.75. ಹಳೆಯ ಮೀಟರಿಗೆ ತಲುಪುತ್ತಿದ್ದುದೂ ಈ 3.75 ಆಂಪಿಯರೇ, ಆದರೆ ತಯಾರಕರು ಅದರ ಮುಖಫಲಕದ ಮೇಲೆ ಅಂಕಿಗಳನ್ನು ಮುದ್ರಿಸುವಾಗಲೇ 40ರಿಂದ ಗುಣಿಸಿಟ್ಟಿದ್ದರು. ಡಿಜಿಟಲ್ ಮೀಟರಿಗೆ ಆ ಗುಣಾಕಾರವನ್ನು ನೀವೇ ತಿಳಿಸಬೇಕಾಗುತ್ತದೆ. ಸಿ.ಟಿ.ಯ ಮೈಮೇಲಿನ ಪಟ್ಟಿಯನ್ನು ಓದಿ ಅನುಪಾತವನ್ನು ಖಚಿತಪಡಿಸಿಕೊಂಡು, ಮೀಟರಿನ ಸೆಟ್ಟಿಂಗಿನಲ್ಲಿ ಪ್ರೈಮರಿ (ಬಸ್‌ಬಾರಿನ ಕಡೆ) 200, ಸೆಕೆಂಡರಿ 5 ಎಂದು ನಮೂದಿಸಿದರೆ ಸರಿಯಾದ ಅಂಕಿ ಕಾಣಿಸುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಯೇ ನಮಗೆ ಹೆಚ್ಚು ಆತಂಕ ತಂದಿತು. ಪ್ರೈಮರಿಯಲ್ಲಿ ಕರೆಂಟು ಹರಿಯುತ್ತಿರುವಾಗ ಸಿ.ಟಿ.ಯ ಸೆಕೆಂಡರಿ ತಂತಿಯನ್ನು ಎಂದಿಗೂ ಬಿಚ್ಚಬಾರದು. ಸಾಮಾನ್ಯ ಸ್ಥಿತಿಯಲ್ಲಿ ಸೆಕೆಂಡರಿಯ ಕರೆಂಟು ಪ್ರೈಮರಿಯ ಕಾಂತಪ್ರಭಾವವನ್ನು ಬಹುಮಟ್ಟಿಗೆ ರದ್ದುಗೊಳಿಸುತ್ತಿರುತ್ತದೆ. ಆ ದಾರಿ ಕಡಿದುಹೋದ ಕ್ಷಣ ಪ್ರೈಮರಿಯ ಅಷ್ಟೂ ಕರೆಂಟು ಒಳಗಿನ ಕಬ್ಬಿಣದ ಕೋರನ್ನು ಕಾಂತೀಯಗೊಳಿಸಲು ತೊಡಗುತ್ತದೆ ಮತ್ತು ತೆರೆದ ತುದಿಗಳ ನಡುವೆ ನೂರಾರು, ದೊಡ್ಡ ಸಿ.ಟಿ.ಗಳಲ್ಲಿ ಸಾವಿರಾರು ವೋಲ್ಟಿನ ಉಬ್ಬರಗಳು ಏಳುತ್ತವೆ. ಇದರಿಂದ ಮನುಷ್ಯನಿಗೆ ಪ್ರಾಣಾಪಾಯವಿದೆ, ಸಿ.ಟಿ.ಯ ಇನ್ಸುಲೇಷನ್ನೂ ಸುಟ್ಟುಹೋಗಬಹುದು. ಆದ್ದರಿಂದ ಮೀಟರಿಗೂ ಸಿ.ಟಿ.ಗೂ ನಡುವೆ ಶಾರ್ಟಿಂಗ್ ಲಿಂಕ್ ಇರುವ ಟರ್ಮಿನಲ್‌ಗಳನ್ನು ಹಾಕಿಸಿ. ಕೆಲಸಕ್ಕೆ ಮೊದಲು ಸೆಕೆಂಡರಿಯ ಎರಡು ತುದಿಗಳಾದ ಎಸ್‌1 ಮತ್ತು ಎಸ್‌2ಗಳನ್ನು ಆ ಲಿಂಕಿನಿಂದ ಒಂದುಗೂಡಿಸಿ, ಆನಂತರವಷ್ಟೇ ಮೀಟರನ್ನು ಬಿಚ್ಚಬೇಕು. ಈ ಕಾರಣಕ್ಕಾಗಿಯೇ ಸಿ.ಟಿ. ತಂತಿಯಲ್ಲಿ ಫ್ಯೂಸ್ ಇರಕೂಡದು; ವೋಲ್ಟೇಜ್ ತಂತಿಗಳಲ್ಲಿ ಮಾತ್ರ ಸಣ್ಣ ಫ್ಯೂಸ್ ಇರಲೇಬೇಕು. ಈ ಎರಡನ್ನೂ ಅದಲುಬದಲು ಮಾಡಿದ ಪ್ಯಾನೆಲ್ಲುಗಳು ಅಪರೂಪವೇನಲ್ಲ.

ಕಚೇರಿಗೆ ಒಯ್ಯುವ ವಿಚಾರದಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 2.5 ಚದರ ಮಿ.ಮೀ. ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿಬರುವ ದಾರಿ 60 ಮೀಟರಾದ್ದರಿಂದ ರೋಧ ಸುಮಾರು 0.44 ಓಮ್ ಆಗುತ್ತದೆ. 5 ಆಂಪಿಯರಿನ ವರ್ಗವಾದ 25ರಿಂದ ಗುಣಿಸಿದರೆ ತಂತಿಯೊಂದೇ ಸಿ.ಟಿ.ಯ ಮೇಲೆ 11 ವಿ.ಎ. (ವೋಲ್ಟ್-ಆಂಪಿಯರ್) ಹೊರೆ ಹಾಕುತ್ತದೆ. ನಿಮ್ಮ ಸಿ.ಟಿ. 5 ವಿ.ಎ. ಹೊರೆ ತಾಳುವಂಥದ್ದಾಗಿದ್ದರೆ ಪೂರ್ಣ ಲೋಡಿನಲ್ಲಿ ಅದು ತನ್ನ ನಿಖರತೆಯನ್ನು ಉಳಿಸಿಕೊಳ್ಳಲಾರದು. 1 ಆಂಪಿಯರ್ ಸೆಕೆಂಡರಿಯ ಸಿ.ಟಿ. ಹಾಕಿದರೆ ಇದೇ ತಂತಿಯ ಹೊರೆ 0.44 ವಿ.ಎ.ಗೆ ಇಳಿಯುತ್ತದೆ, ಆದರೆ ಮೀಟರು ಕೂಡ 1 ಆಂಪಿಯರಿಗೆ ಹೊಂದುವಂಥದ್ದಾಗಿರಬೇಕು. ನಮ್ಮನ್ನು ಕೇಳಿದರೆ, ಮೀಟರನ್ನು ಪ್ಯಾನೆಲ್ಲಿನಲ್ಲಿಯೇ ಉಳಿಸಿ, ಆರ್‌ಎಸ್‌485 (ಅಂಕಿಗಳನ್ನು ದತ್ತಾಂಶವಾಗಿ ತಂತಿಯಲ್ಲಿ ಕಳಿಸುವ) ಸಂಪರ್ಕವಿರುವ ಮಾದರಿಯನ್ನು ಕೊಂಡು, ಕಚೇರಿಗೆ ಅಂಕಿಯನ್ನಷ್ಟೇ ಕಳಿಸುವುದು ಹೆಚ್ಚು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಮುಳ್ಳಿನ ಮೀಟರಿಗೆ ಪ್ರತ್ಯೇಕ ಸಪ್ಲೈ ಬೇಕಿರಲಿಲ್ಲ, ಡಿಜಿಟಲ್ ಮೀಟರಿಗೆ ಬೇಕು. ಮೋಟಾರ್ ಸ್ಟಾರ್ಟರ್ ಪ್ಯಾನೆಲ್ಲುಗಳಿಗೆ ಅನೇಕ ಕಡೆ ನ್ಯೂಟ್ರಲ್ ತಂತಿಯನ್ನು ತಂದಿರುವುದಿಲ್ಲ. ಅಂಥಲ್ಲಿ 85–265 ವೋಲ್ಟಿನ ಮೀಟರನ್ನು ಎರಡು ಫೇಸ್‌ಗಳ ನಡುವೆ ಜೋಡಿಸಿ ಸುಟ್ಟುಕೊಳ್ಳುವವರಿದ್ದಾರೆ. ಅರ್ತಿಂಗ್ ತಂತಿಯನ್ನು ನ್ಯೂಟ್ರಲ್ ಆಗಿ ಬಳಸುವುದು ಅದಕ್ಕಿಂತಲೂ ಕೆಟ್ಟ ಉಪಾಯ. ನ್ಯೂಟ್ರಲ್ ಎಳೆಸಿ, ಇಲ್ಲವೇ 415ಕ್ಕೆ 230ರ ಸಣ್ಣ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿಸಿ.

ಪ್ರಶ್ನೆ: ಪ್ಯಾನೆಲ್ ಬಾಗಿಲಿನಲ್ಲಿ ಮೀಟರಿಗೆ ಎಷ್ಟು ಅಳತೆಯ ಕಿಂಡಿ ಕೊರೆಯಬೇಕು?
— ಬೆಳಗಾವಿಯ ಓದುಗರೊಬ್ಬರು

ಉತ್ತರ: 96×96 ಮಿ.ಮೀ. ಮುಖದ ಮೀಟರಿಗೆ 92×92, 96×48ಕ್ಕೆ 92×45, 48×48ಕ್ಕೆ 45×45 ಮಿ.ಮೀ. ಕಿಂಡಿ ಬೇಕು. ಅರ್ಧ ಮಿ.ಮೀ. ಹೆಚ್ಚಾದರೆ ತೊಂದರೆಯಿಲ್ಲ, ಕಡಿಮೆಯಾದರೆ ಮೀಟರು ಒಳಹೋಗದು. ಒಳಗಿನ ಕಾಂಟ್ಯಾಕ್ಟರುಗಳನ್ನು ಬಟ್ಟೆಯಿಂದ ಮುಚ್ಚದೆ ಅರ ಹಾಕಬೇಡಿ, ಏಕೆಂದರೆ ಉದುರಿದ ಕಬ್ಬಿಣದ ಪುಡಿ ಮುಂದೊಂದು ದಿನ ಎರಡು ಟರ್ಮಿನಲ್‌ಗಳ ನಡುವೆ ಸೇತುವೆಯಾಗಬಲ್ಲದು. ಬಾಗಿಲಿಗೆ ಹೋಗುವ ತಂತಿಗಳು ಬಹು ಎಳೆಗಳ ಮೃದು ತಂತಿಗಳಾಗಿರಲಿ, ಅವುಗಳ ತುದಿಗೆ ಲಗ್ ಒತ್ತಿಸಿ, ಕೀಲಿನ ಬಳಿ ಬಾಗಿಲು ತೆರೆಯುವಷ್ಟು ಸಡಿಲ ಬಿಡಿ. ಬಾಗಿಲಿಗೂ ಪ್ರತ್ಯೇಕ ಅರ್ತಿಂಗ್ ತಂತಿ ಇರಬೇಕು.

ಪ್ರಶ್ನೆ: ನಮ್ಮ ಬಡಾವಣೆಯ ಮೇಲ್ತೊಟ್ಟಿಯ ನೀರಿನ ಮಟ್ಟವನ್ನು ತಿಳಿಯಲು 4–20 ಮಿಲಿ ಆಂಪಿಯರಿನ, ಮಟ್ಟಕ್ಕೆ ತಕ್ಕ ಕರೆಂಟು ಕಳಿಸುವ ಎರಡು ತಂತಿಯ ಟ್ರಾನ್ಸ್‌ಮಿಟರನ್ನು ಹಾಕಿಸಿ, 200 ಮೀಟರು ದೂರದ ಪಂಪ್ ಮನೆಯಲ್ಲಿ 0–5 ಮೀಟರ್ ಎಂದು ಸೆಟ್ ಮಾಡಿದ ಪ್ಯಾನೆಲ್ ಮೀಟರನ್ನು ಕೂರಿಸಿದ್ದೇವೆ. ಒಮ್ಮೊಮ್ಮೆ ಅದು −1.25 ಎಂದು ತೋರಿಸುತ್ತದೆ. ಪಂಪ್ ಶುರುವಾದಾಗ ಅಂಕಿಗಳು ಕುಣಿಯುತ್ತವೆ. ತೊಟ್ಟಿಯಲ್ಲಿ ಋಣ ಮಟ್ಟ ಇರುವುದಾದರೂ ಹೇಗೆ?
— ಚಿಂತಾಮಣಿಯ ಓದುಗರೊಬ್ಬರು

ಉತ್ತರ: ಆ −1.25 ಅರ್ಥವಿಲ್ಲದ ಅಂಕಿಯಲ್ಲ. 4 ಮಿಲಿ ಆಂಪಿಯರಿಗೆ 0, 20ಕ್ಕೆ 5 ಎಂದು ಸೆಟ್ ಮಾಡಿದ ಮೇಲೆ ಪ್ರತಿ ಮಿಲಿ ಆಂಪಿಯರಿಗೆ 0.3125 ಮೀಟರಿನಂತೆ ಲೆಕ್ಕ ಬೀಳುತ್ತದೆ. ಕರೆಂಟು ಸಂಪೂರ್ಣ ನಿಂತರೆ, ಸೊನ್ನೆಯ ಗುರುತಿನಿಂದ 4 ಮಿಲಿ ಆಂಪಿಯರ್ ಕೆಳಗೆ ಇಳಿದಂತಾಗಿ ಮೀಟರು −1.25 ಎನ್ನುತ್ತದೆ. ಅಂದರೆ ಆ ಹೊತ್ತಿನಲ್ಲಿ ನಿಮ್ಮ ತಂತಿ ಎಲ್ಲೋ ಕಡಿದಿದೆ, ಸ್ಕ್ರೂ ಸಡಿಲವಾಗಿದೆ ಅಥವಾ 24 ವೋಲ್ಟಿನ ಸಪ್ಲೈ ಹೋಗಿದೆ. ಈ ಪದ್ಧತಿಯನ್ನು 0ಯಿಂದ ಆರಂಭಿಸದೆ 4ರಿಂದ ಆರಂಭಿಸಿರುವ ಮುಖ್ಯ ಅನುಕೂಲವೇ ಇದು: ಖಾಲಿ ತೊಟ್ಟಿಗೂ ಕಡಿದ ತಂತಿಗೂ ವ್ಯತ್ಯಾಸ ತಿಳಿಯುತ್ತದೆ. ನಿಮ್ಮ ಮೀಟರು ಪಂಪನ್ನು ಚಾಲೂ ಮಾಡುವ ರಿಲೇಯನ್ನೂ ನಡೆಸುತ್ತಿದ್ದರೆ, ಸುಮಾರು 3.6 ಮಿಲಿ ಆಂಪಿಯರಿಗಿಂತ ಕಡಿಮೆಯಾದಾಗ ಪಂಪ್ ಆರಂಭವಾಗದಂತೆ ಸೆಟ್ ಮಾಡಿಸಿ. ಇಲ್ಲವಾದರೆ ತಂತಿ ಕಡಿದ ದಿನ ತುಂಬಿದ ತೊಟ್ಟಿಗೇ ನೀರು ಏರುತ್ತದೆ.

ಜೋಡಣೆಯ ಕ್ರಮ ಸರಳ. ಸಪ್ಲೈಯ ಧನ ತುದಿಯಿಂದ ಟ್ರಾನ್ಸ್‌ಮಿಟರಿನ ಧನಕ್ಕೆ, ಅದರ ಋಣದಿಂದ ಮೀಟರಿನ ಮಿಲಿ ಆಂಪಿಯರ್ ಧನಕ್ಕೆ, ಮೀಟರಿನ ಋಣದಿಂದ ಸಪ್ಲೈಯ ಋಣಕ್ಕೆ ಸರಣಿಯಾಗಿ ಹೋಗಬೇಕು. ಕೆಲವು ಮೀಟರುಗಳು ಟ್ರಾನ್ಸ್‌ಮಿಟರಿಗೆ ಬೇಕಾದ 24 ವೋಲ್ಟನ್ನು ತಾವೇ ಕೊಡುತ್ತವೆ. ಅಂಥದ್ದಿದ್ದರೆ ಹೊರಗಿನ ಇನ್ನೊಂದು ಸಪ್ಲೈಯನ್ನು ಸೇರಿಸಬಾರದು. 200 ಮೀಟರಿನ ದೂರದ ಬಗ್ಗೆ ನಿಮಗೆ ಚಿಂತೆ ಬೇಡ. 0.5 ಚದರ ಮಿ.ಮೀ. ತಂತಿಯಲ್ಲಿಯೂ ಹೋಗಿಬರುವ ರೋಧ ಸುಮಾರು 15 ಓಮ್, 20 ಮಿಲಿ ಆಂಪಿಯರಿಗೆ ಅಲ್ಲಿ ಕಳೆದುಹೋಗುವುದು 0.3 ವೋಲ್ಟ್ ಮಾತ್ರ. ಇದೇ ಸಂಕೇತವನ್ನು ವೋಲ್ಟಿನ ರೂಪದಲ್ಲಿ ಕಳಿಸಿದ್ದರೆ ದೂರ ಹೆಚ್ಚಿದಷ್ಟೂ ತಪ್ಪು ಬೆರೆಯುತ್ತಿತ್ತು.

ಅಂಕಿಗಳ ಕುಣಿತಕ್ಕೆ ಕಾರಣ, ಬಹುಶಃ, ಈ ತೆಳು ತಂತಿಯನ್ನು ಪಂಪಿನ ಕೇಬಲ್ಲಿನೊಂದಿಗೆ ಒಂದೇ ಪೈಪಿನಲ್ಲಿ ಎಳೆದಿರುವುದು. ಹೆಣೆದ ಜೋಡಿತಂತಿಯ ಶೀಲ್ಡ್ ಕೇಬಲ್ಲನ್ನು ಬೇರೆ ಪೈಪಿನಲ್ಲಿ ಎಳೆಸಿ, ಶೀಲ್ಡನ್ನು ಪಂಪ್ ಮನೆಯ ತುದಿಯಲ್ಲಿ ಮಾತ್ರ ಅರ್ತ್ ಮಾಡಿಸಿ. ಎರಡೂ ತುದಿಗಳನ್ನು ಅರ್ತ್ ಮಾಡಿದರೆ ನೆಲದ ಎರಡು ಬಿಂದುಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಶೀಲ್ಡಿನಲ್ಲಿಯೇ ಕರೆಂಟು ಹರಿಯತೊಡಗುತ್ತದೆ. ಮೇಲ್ತೊಟ್ಟಿ ಸಿಡಿಲಿಗೆ ತೆರೆದುಕೊಂಡ ಜಾಗವಾದ್ದರಿಂದ ಎರಡೂ ಕಡೆ ಸರ್ಜ್ ಅರೆಸ್ಟರ್ ಹಾಕಿಸುವುದು ಖರ್ಚಿನ ದೃಷ್ಟಿಯಿಂದಲೂ ಲಾಭ.

ಪ್ರಶ್ನೆ: ಮನೆಯ 48 ವೋಲ್ಟಿನ ಸೋಲಾರ್ ಬ್ಯಾಟರಿಗೆ 100 ಆಂಪಿಯರ್, 75 ಮಿಲಿವೋಲ್ಟಿನ ಶಂಟ್ (ಕರೆಂಟನ್ನು ಸಣ್ಣ ವೋಲ್ಟೇಜಿನ ರೂಪದಲ್ಲಿ ಅಳೆಯಲು ಬಳಸುವ ಕಡಿಮೆ ರೋಧದ ಪಟ್ಟಿ) ಹಾಕಿ ಡಿ.ಸಿ. ಮೀಟರು ಕೂರಿಸಿದ್ದೇನೆ. ಕ್ಲಾಂಪ್ ಮೀಟರು 40 ಆಂಪಿಯರ್ ತೋರಿಸುವಾಗ ಇದು 45 ತೋರಿಸುತ್ತದೆ. ಶಂಟನ್ನು ಬ್ಯಾಟರಿಯ ಧನ ತುದಿಗೆ ಬದಲಿಸಿದರೆ ಸರಿಹೋಗುವುದೆಂದು ಪರಿಚಯದವರೊಬ್ಬರು ಹೇಳುತ್ತಾರೆ.
— ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಕಡಿಮೆ ಬೆಲೆಯ ಹೆಚ್ಚಿನ ಡಿ.ಸಿ. ಮೀಟರುಗಳಲ್ಲಿ ಸಪ್ಲೈಯ ಋಣವೂ ಅಳತೆಯ ಋಣವೂ ಒಳಗೊಳಗೇ ಒಂದಾಗಿರುತ್ತವೆ. ಶಂಟ್ ಧನ ತುದಿಯಲ್ಲಿದ್ದರೆ ಬ್ಯಾಟರಿಯ 48 ವೋಲ್ಟು ಮೀಟರಿನ ಎಳೆತಂತಿಯ ಮೂಲಕವೇ ಶಾರ್ಟ್ ಆಗಿ ಹೊಗೆ ಏಳುತ್ತದೆ. ಧನ ತುದಿಯಲ್ಲೇ ಬೇಕಿದ್ದರೆ ಮೀಟರಿಗೆ ಪ್ರತ್ಯೇಕಗೊಳಿಸಿದ ಸಪ್ಲೈ ಕೊಡಬೇಕು.

ನಿಮ್ಮ ಶಂಟಿನ ರೋಧ 0.75 ಮಿಲಿ ಓಮ್ ಮಾತ್ರ. ಮೀಟರಿನ ತೆಳು ತಂತಿಗಳನ್ನು ಶಂಟಿನ ದೊಡ್ಡ ಬೋಲ್ಟುಗಳಿಗೆ, ಕೇಬಲ್ ಲಗ್ಗಿನ ಜೊತೆಯಲ್ಲಿಯೇ ಬಿಗಿದಿದ್ದರೆ, ಲಗ್ಗಿನ ಸ್ಪರ್ಶರೋಧವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಅದು 0.1 ಮಿಲಿ ಓಮ್ ಇದ್ದರೂ ಶೇ. 13ರಷ್ಟು ತಪ್ಪಾಗಿ, 40 ಆಂಪಿಯರ್ 45 ಎಂದೇ ಕಾಣುತ್ತದೆ. ಶಂಟಿನ ಮೇಲೆ ಇದಕ್ಕೆಂದೇ ಎರಡು ಸಣ್ಣ ಸ್ಕ್ರೂಗಳಿರುತ್ತವೆ. ಮೀಟರಿನ ತಂತಿಗಳು ಅವುಗಳಿಗೇ ಹೋಗಬೇಕು. ಬದಲಿಸಿದ ಮೇಲೆಯೂ ವ್ಯತ್ಯಾಸ ಉಳಿದರೆ, ಮೀಟರನ್ನು 75ರ ಬದಲು 50 ಅಥವಾ 60 ಮಿಲಿವೋಲ್ಟಿನ ಶಂಟಿಗೆ ಸೆಟ್ ಮಾಡಿಲ್ಲವೆಂದು ನೋಡಿ. ದೊಡ್ಡ ಬೋಲ್ಟುಗಳನ್ನೂ ಬಿಗಿ ಮಾಡಿಸಿ: ಅಳತೆಗೆ ಸೇರದಿದ್ದರೂ ಆ ಸ್ಪರ್ಶರೋಧ ಬಿಸಿಯನ್ನಂತೂ ಹುಟ್ಟಿಸುತ್ತಿರುತ್ತದೆ.

ಪ್ರಶ್ನೆ: ಎಂ.ಸಿ.ಬಿ. ಇಳಿಸಿದ ಮೇಲೂ ಹೊಸ ಡಿಜಿಟಲ್ ವೋಲ್ಟ್‌ಮೀಟರು 60–70 ವೋಲ್ಟ್ ತೋರಿಸುತ್ತದೆ. ಹಳೆಯ ಮುಳ್ಳಿನ ಮೀಟರು ಸೊನ್ನೆಗೆ ಇಳಿಯುತ್ತಿತ್ತು.
— ಹಾಸನದ ಓದುಗರೊಬ್ಬರು

ಉತ್ತರ: ಪಕ್ಕಪಕ್ಕದಲ್ಲಿ ಹೋಗುವ ತಂತಿಗಳು ಕೆಪ್ಯಾಸಿಟರಿನಂತೆ ವರ್ತಿಸುವುದರಿಂದ, ಚಾಲೂ ಇರುವ ತಂತಿಯಿಂದ ಬಂದ್ ಆದ ತಂತಿಗೆ ಅತಿ ಸಣ್ಣ ಕರೆಂಟು ಜಿನುಗುತ್ತದೆ. ಮುಳ್ಳಿನ ಮೀಟರಿನ ರೋಧ ಕಡಿಮೆಯಾದ್ದರಿಂದ ಅದು ಈ ಜಿನುಗನ್ನು ನುಂಗಿಬಿಡುತ್ತಿತ್ತು; ಡಿಜಿಟಲ್ ಮೀಟರಿನ ರೋಧ ಬಹಳ ಹೆಚ್ಚು, ಹಾಗಾಗಿ ಅದು ಅದನ್ನೂ ವೋಲ್ಟೇಜಾಗಿ ತೋರಿಸುತ್ತದೆ. ಎಲೆಕ್ಟ್ರಿಷಿಯನ್ನರಿಂದ ಹಳೆಯ ಕಾಲದ 60 ವ್ಯಾಟಿನ ಬಲ್ಬನ್ನು ಆ ತಂತಿಗೂ ನ್ಯೂಟ್ರಲ್ಲಿಗೂ ನಡುವೆ ಜೋಡಿಸಿ ನೋಡಿಸಿ. ಅಂಕಿ ಸೊನ್ನೆಯ ಹತ್ತಿರಕ್ಕೆ ಕುಸಿದರೆ ಅದು ಜಿನುಗು. ಕುಸಿಯದಿದ್ದರೆ ನಿಜವಾದ ಹಿಮ್ಮುಖ ಸಪ್ಲೈ ಇದೆ. ಪರೀಕ್ಷೆ ಮುಗಿಯುವವರೆಗೆ ಆ ತಂತಿಯಲ್ಲಿ ಕರೆಂಟ್ ಇದೆಯೆಂದೇ ಭಾವಿಸಬೇಕು.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗಾಗಿ ಐ.ಸಿ.ಎಲ್. 7107 ಚಿಪ್ಪಿನ ಮೂರೂವರೆ ಅಂಕಿಯ (1999ರವರೆಗೆ ತೋರಿಸುವ) ಮೀಟರನ್ನು ಜೋಡಿಸಿದ್ದೇನೆ. ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಚಿಪ್ಪು ಬದಲಿಸಿದರೂ ಹಾಗೆಯೇ ಇದೆ.
— ಧಾರವಾಡದ ಡಿಪ್ಲೊಮಾ ವಿದ್ಯಾರ್ಥಿ

ಉತ್ತರ: ಕೊನೆಯ ಅಂಕಿ ಒಂದು ಹೆಚ್ಚು ಕಡಿಮೆ ಆಡುವುದು ಸಹಜ, ನಾಲ್ಕೈದು ಆಡುತ್ತಿದ್ದರೆ ಚಿಪ್ಪಿನ ವೇಗವನ್ನು ನಿರ್ಧರಿಸುವ ಆಸಿಲೇಟರನ್ನು ನೋಡಬೇಕು. ಈ ಚಿಪ್ಪು ಒಳಬರುವ ಸಂಕೇತವನ್ನು ನಿಗದಿತ ಅವಧಿಯವರೆಗೆ ಕೂಡಿಸಿ, ಅದನ್ನು ಇಳಿಸಲು ಹಿಡಿಯುವ ಸಮಯವನ್ನು ಎಣಿಸುತ್ತದೆ. ಕೂಡಿಸುವ ಅವಧಿ 20 ಮಿಲಿಸೆಕೆಂಡಿನ ಪೂರ್ಣ ಗುಣಕವಾಗಿದ್ದರೆ, ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುಂಯ್ಗುಡುವಿಕೆಯ ಧನಾರ್ಧವೂ ಋಣಾರ್ಧವೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಹೆಚ್ಚಾಗಿ ನಕಲಾಗುವ ಸರ್ಕೀಟಿನಲ್ಲಿ 100 ಕಿಲೋ ಓಮ್ ಮತ್ತು 100 ಪಿಕೋಫ್ಯಾರಡ್ ಇದ್ದು, ಆಸಿಲೇಟರು ಸುಮಾರು 48 ಕಿಲೋಹರ್ಟ್ಸಿನಲ್ಲಿ ನಡೆಯುತ್ತದೆ. ಕೂಡಿಸುವ ಅವಧಿ ಆಗ 83.3 ಮಿಲಿಸೆಕೆಂಡು. ಅದು 60 ಹರ್ಟ್ಸಿನ ದೇಶಗಳಿಗೆ ಸರಿ, ನಮಗಲ್ಲ. ರೋಧವನ್ನು ಸುಮಾರು 120 ಕಿಲೋ ಓಮಿಗೆ ಏರಿಸಿ ಆಸಿಲೇಟರನ್ನು 40 ಕಿಲೋಹರ್ಟ್ಸಿಗೆ ಇಳಿಸಿದರೆ ಅವಧಿ 100 ಮಿಲಿಸೆಕೆಂಡಾಗಿ, ಸರಿಯಾಗಿ ಐದು ಆವರ್ತಗಳು ಅದರಲ್ಲಿ ಅಡಕವಾಗುತ್ತವೆ. ಸೆಕೆಂಡಿಗೆ ಎರಡೂವರೆ ಬಾರಿ ಅಂಕಿ ಬದಲಾಗುತ್ತದೆ, ಕಣ್ಣಿಗೂ ಅದು ಹಿತ. ಆನಂತರ ರೆಫರೆನ್ಸ್ ವೋಲ್ಟೇಜನ್ನು 100.0 ಮಿಲಿವೋಲ್ಟಿಗೆ ತಿರುಗಿಸಿದರೆ ಪೂರ್ಣ ಅಳತೆ 199.9 ಮಿಲಿವೋಲ್ಟ್ ಆಗುತ್ತದೆ. 20 ವೋಲ್ಟಿನವರೆಗೆ ಅಳೆಯಬೇಕಿದ್ದರೆ 990 ಮತ್ತು 10 ಕಿಲೋ ಓಮಿನ, ವೋಲ್ಟನ್ನು ನೂರನೇ ಒಂದಕ್ಕೆ ಇಳಿಸುವ ವಿಭಾಜಕವನ್ನು ಮುಂದಿಡಿ. ಮನೆಯ 230 ವೋಲ್ಟನ್ನು ಮಾತ್ರ ಯಾವ ವಿಭಾಜಕದ ಮೂಲಕವೂ ಈ ಬೋರ್ಡಿಗೆ ತರಬೇಡಿ, ಏಕೆಂದರೆ ಅದರಲ್ಲಿ ಪ್ರತ್ಯೇಕತೆ ಎಂಬುದು ಇಲ್ಲ ಮತ್ತು ಅದು ಅಳೆಯುವುದು ಡಿ.ಸಿ.ಯನ್ನು ಮಾತ್ರ.