ಓದುಗರ ಪ್ರಶ್ನೆ: ಬಡಗಿಯ ಮಗಳು ಕಾಡು ಓದಬಹುದೆ?

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಕಾಡು, ಕೆರೆ, ಮಣ್ಣು ಇವುಗಳ ಸಂರಕ್ಷಣೆಯನ್ನೇ ಓದಬೇಕೆಂಬ ಆಸೆ. ಅಪ್ಪ ಬಡಗಿ. ‘ಮೂವತ್ತು ವರ್ಷದಿಂದ ಮರದಲ್ಲೇ ಕೈಯಾಡಿಸಿದ್ದೇನೆ, ಮರ ತಿಳಿಯುವುದಕ್ಕೆ ಕಾಲೇಜು ಬೇಕೆ? ಓದಿದ ಮೇಲೆ ಕೆಲಸ ಯಾರು ಕೊಡುತ್ತಾರೆ?’ ಎನ್ನುತ್ತಾರೆ. ಬೆಂಗಳೂರಿನಲ್ಲೇ ಓದಲು ಸಾಧ್ಯವೆ? ಲೆಕ್ಕದಲ್ಲಿ ನಾನು ಅಷ್ಟಕ್ಕಷ್ಟೆ.
– ಹೆಸರು ಬೇಡ, ಕಾಮಾಕ್ಷಿಪಾಳ್ಯ

ಉತ್ತರ: ಏಕವಚನದಲ್ಲಿ ಬರೆಯುತ್ತೇನೆ, ಬೇಸರಿಸಬೇಡ. ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದವಳ ಚಾಳಿ ಅದು.

ನಿನ್ನ ತಂದೆಯ ಮಾತು ಅರ್ಧ ಸರಿ. ಹತ್ತರಿ ಹೊಡೆಯುವಾಗ ಏಳುವ ವಾಸನೆಯಿಂದಲೇ ಅವರು ತೇಗ ಯಾವುದು, ಮತ್ತಿ ಯಾವುದು ಎಂದು ಹೇಳಿಬಿಡುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಲು ಒಂದು ವರ್ಷ ಬೇಕಾಗುತ್ತಿತ್ತು. ಈ ಭಾನುವಾರ ಅವರ ಅಂಗಡಿಯಿಂದ ತೇಗದ ಒಂದು ತುಂಡು ತೆಗೆದುಕೋ. ಅಡ್ಡಕ್ಕೆ ಕೊಯ್ದ ತುದಿಯನ್ನು ಹರಿತವಾದ ಉಳಿಯಿಂದ ನಯಮಾಡಿಕೊಡಲು ಅವರನ್ನೇ ಕೇಳು. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡು. ಪ್ರತಿ ಉಂಗುರದ ಆರಂಭದಲ್ಲಿ ದಪ್ಪ ರಂಧ್ರಗಳ ಸಾಲು, ಮುಂದೆ ಹೋದಂತೆ ಸಣ್ಣವು. ಬೀಟೆಯಲ್ಲಿ ಆ ಸಾಲು ಇರುವುದಿಲ್ಲ, ರಂಧ್ರಗಳು ಚದುರಿಕೊಂಡಿರುತ್ತವೆ. ಮರದ ಗುರುತು ಹಿಡಿಯುವುದನ್ನೇ ಕಸುಬಾಗಿಸಿಕೊಂಡವರು ನಮ್ಮ ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದ್ದಾರೆ. ಮೊದಲೇ ಕೇಳಿಕೊಂಡು ಅಪ್ಪನನ್ನೂ ಕರೆದುಕೊಂಡು ಹೋಗು. ಅಲ್ಲಿಯ ಪರಿಣತರ ಜೊತೆ ಅಪ್ಪ ಸರಿಸಮನಾಗಿ ಮಾತನಾಡುತ್ತಾರೆ, ನೋಡುತ್ತಿರು.

ಉಳಿದರ್ಧ ಅಂಗಡಿಗೆ ಬರುವುದಿಲ್ಲ. ಅಂಗಡಿಗೆ ಬರುವುದು ಕಡಿದ ಮರ. ಕಾಡಿನಲ್ಲಿ ಇನ್ನೆಷ್ಟು ನಿಂತಿವೆ, ಅವುಗಳ ಬುಡದಲ್ಲಿ ಮರಿಗಳು ಏಳುತ್ತಿವೆಯೋ ಇಲ್ಲವೋ, ವರ್ಷಕ್ಕೆ ಎಷ್ಟು ದಪ್ಪವಾಗುತ್ತವೆ ಎಂಬುದನ್ನು ಯಾರಾದರೂ ಹೋಗಿ ಅಳೆಯಬೇಕು. ಬೀಟೆ ಮತ್ತು ಅದರ ಕುಲದ ಮರಗಳನ್ನೆಲ್ಲ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಕಣ್ಣಿಡುವ ಸೈಟಿಸ್ ಒಪ್ಪಂದದ ಪಟ್ಟಿಗೆ ತಂದರು. ಅಂಥ ನಿರ್ಧಾರಕ್ಕೂ ಬೇಕಾಗುವುದು ಇಂಥ ಅಳತೆಯೇ. ನೀನು ಓದಬೇಕೆನ್ನುವುದು ಈ ಅಳತೆಯನ್ನು.

ಅಳೆಯದೆ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. 1990ರ ದಶಕದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೆಸರಘಟ್ಟಕ್ಕೆ ಹೋದೆ. ಬರೀ ಹುಲ್ಲು, ಪಾಳುಬಿದ್ದ ಜಾಗ ಎಂದುಕೊಂಡು ಗುಂಡಿ ತೋಡಿಸಿ ಅಕೇಶಿಯಾ ನೆಡಿಸಿದೆ. ಫೋಟೊ ತೆಗೆಸಿಕೊಂಡೆವು, ಚಿತ್ರಾನ್ನ ತಿಂದೆವು. ನಾಲ್ಕೈದು ವರ್ಷದ ಮೇಲೆ ಇನ್ನೊಂದು ತಂಡದೊಡನೆ ಅಲ್ಲಿಗೇ ಹೋದಾಗ, ಒಂದು ಮೀಟರ್ ಚೌಕದ ಹಗ್ಗ ಹಾಸಿ ಅದರೊಳಗಿನ ಗಿಡಗಳನ್ನು ಎಣಿಸಲು ಹೇಳಿದೆ. ಒಬ್ಬ ಹುಡುಗ, ‘ಇಲ್ಲಿ ಏನೂ ಇಲ್ಲ ಮೇಡಂ’ ಎಂದ. ಮೊಣಕಾಲೂರಿ ಕೂರಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವನ ಪುಸ್ತಕದಲ್ಲಿ ಹದಿನೇಳು ಬಗೆ ಇತ್ತು, ಅವುಗಳಲ್ಲಿ ಆರು ಹುಲ್ಲುಗಳೇ. ನಾವು ನೆಟ್ಟ ಅಕೇಶಿಯಾದ ಕೆಳಗೆ ಅದೇ ಹಗ್ಗ ಹಾಸಿದಾಗ ಸಿಕ್ಕಿದ್ದು ತರಗೆಲೆ ಮತ್ತು ಮೂರು ಗಿಡ. ಚಳಿಗಾಲಕ್ಕೆ ದೂರದೇಶದಿಂದ ಬರುವ ‘ಸೆಳೆವ’ ಎಂಬ ಬೇಟೆಹಕ್ಕಿಗಳು (ಇಂಗ್ಲಿಷಿನಲ್ಲಿ ಹ್ಯಾರಿಯರ್) ರಾತ್ರಿ ಕಳೆಯುವುದು ನೆಲದ ಮೇಲೆ, ಹುಲ್ಲಿನ ನಡುವೆ. ಅವುಗಳ ಹಾಸಿಗೆಯ ಮೇಲೆ ನಾನು ಮರ ನೆಟ್ಟಿದ್ದೆ! 5,000 ಎಕರೆಗೂ ಮಿಕ್ಕಿದ ಆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ಸಚಿವ ಸಂಪುಟ ಒಪ್ಪಿದ್ದು 2024ರಲ್ಲಿ. ಸಸಿ ನೆಡುವ ಆಹ್ವಾನ ಪತ್ರಿಕೆ ಬಂದಾಗಲೆಲ್ಲ ನಾನು ಈಗಲೂ ಮೊದಲು ಕೇಳುವುದು, ‘ಈಗ ಅಲ್ಲಿ ಏನಿದೆ?’ ಎಂದು.

ಇನ್ನು ಸೀಟಿನ ಮಾತು. ಅರಣ್ಯಶಾಸ್ತ್ರದಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಬೇಕಿದ್ದರೆ ಬೆಂಗಳೂರು ಬಿಡಬೇಕು. ಒಂದು ಕಾಲೇಜು ಶಿರಸಿಯಲ್ಲಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಇನ್ನೊಂದು ಕೊಡಗಿನ ಪೊನ್ನಂಪೇಟೆಯಲ್ಲಿದೆ. ಎರಡಕ್ಕೂ ಸಿಇಟಿ ಬರೆಯಬೇಕು. ಊರು ಬಿಡಲಾಗದಿದ್ದರೆ ಇಲ್ಲೇ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಇರುವ ಬಿ.ಎಸ್ಸಿ. ಮುಗಿಸಿ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಸೇರಬಹುದು. ನನ್ನನ್ನು ಕೇಳಿದರೆ ಶಿರಸಿಯ ಬಸ್ಸು ಹತ್ತು ಎನ್ನುತ್ತೇನೆ. ಹಾಸ್ಟೆಲಿನ ಹಿಂದೆಯೇ ಘಟ್ಟದ ಸೀಮೆ ಇರುವಾಗ ಪುಸ್ತಕದ ಚಿತ್ರ ನೋಡಿ ಯಾಕೆ ಕಲಿಯಬೇಕು?

ಲೆಕ್ಕಕ್ಕೆ ಹೆದರಬೇಡ, ಆದರೆ ತಪ್ಪಿಸಿಕೊಳ್ಳಲೂ ನೋಡಬೇಡ. ಮರದ ದಪ್ಪವನ್ನು ಎದೆಯೆತ್ತರದಲ್ಲಿ ಅಳೆಯುತ್ತಾರೆ. ಯಾರ ಎದೆ ಎಂದು ನಗಬಹುದು, ಅದಕ್ಕೇ ನಮ್ಮಲ್ಲಿ ಅದನ್ನು 1.37 ಮೀಟರ್ ಎಂದು ಗೊತ್ತುಮಾಡಿದ್ದಾರೆ. ಇಳಿಜಾರಾದರೆ ಮೇಲುಬದಿಯಲ್ಲಿ ನಿಂತು ಅಳೆಯಬೇಕು. ನಿಮ್ಮ ಬೀದಿಯ ಹೊಂಗೆಗೆ ಟೇಪು ಸುತ್ತಿ, ಬಂದದ್ದನ್ನು 3.14ರಿಂದ ಭಾಗಿಸು, ವ್ಯಾಸ ಸಿಗುತ್ತದೆ. ಮೊದಲ ಎರಡು ವರ್ಷದ ಲೆಕ್ಕ ಇದಕ್ಕಿಂತ ಬಹಳ ಭಯಂಕರವಾಗಿರುವುದಿಲ್ಲ. ಸಂಖ್ಯಾಶಾಸ್ತ್ರ ಮಾತ್ರ ಕೊನೆಯವರೆಗೂ ಬೆನ್ನುಬಿಡುವುದಿಲ್ಲ.

ಕೆಲಸದ ಬಗ್ಗೆ ನಿನ್ನ ತಂದೆಯ ಭಯ ಸುಳ್ಳಲ್ಲ. ವಲಯ ಅರಣ್ಯಾಧಿಕಾರಿ ನೇಮಕದಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆಂದೇ ಒಂದು ಪಾಲು ಇದೆ. ಆ ಪಾಲು ಎಷ್ಟಿರಬೇಕು ಎಂಬ ಜಗಳವೂ ಇದೆ. ನೇಮಕ ವರ್ಷವರ್ಷವೂ ನಡೆಯುವುದಿಲ್ಲ. ಭಾರತೀಯ ಅರಣ್ಯ ಸೇವೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರೂ ಪರೀಕ್ಷೆ ಬರೆಯಬಹುದು. ಅದರಲ್ಲಿ ಮಹಿಳೆಯರು ನಾಲ್ಕು ಗಂಟೆಯಲ್ಲಿ 14 ಕಿಲೋಮೀಟರ್ ನಡೆದು ತೋರಿಸಬೇಕು. ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಬೇಗ ಸಿಗುತ್ತದೆ, ಸಂಬಳ ಸಣ್ಣದು, ಯೋಜನೆ ಮುಗಿದರೆ ಅದೂ ಮುಗಿಯಿತು. ಇದನ್ನೆಲ್ಲ ಅಪ್ಪನಿಗೆ ಮುಚ್ಚುಮರೆಯಿಲ್ಲದೆ ಹೇಳು. ತುಂಡು ಕೆತ್ತಿಸಿಕೊಂಡ ದಿನವೇ ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ಎಂಜಿನಿಯರ್, ವಯಸ್ಸು 27. ವನ್ಯಜೀವಿಗಳ ಬಗ್ಗೆ ಓದಲು ತಡವಾಯಿತೆ?
– ಒಬ್ಬ ಓದುಗ, ವಿಜಯನಗರ

ಉತ್ತರ: ಇಲ್ಲ. ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಎಂ.ಎಸ್ಸಿ. ಇದೆ. ಎಂಜಿನಿಯರಿಂಗ್ ಓದಿ ಬಂದವರೂ ಅಲ್ಲಿ ಕಲಿತಿದ್ದಾರೆ. ಸೀಟು ಬೆರಳೆಣಿಕೆಯಷ್ಟು, ಪ್ರವೇಶ ಎರಡು ವರ್ಷಕ್ಕೊಮ್ಮೆ ಮಾತ್ರ. ಕೆಲಸಕ್ಕೆ ರಾಜೀನಾಮೆ ಬರೆಯುವ ಮುನ್ನ ಇದು ಅರ್ಜಿ ಕರೆಯುವ ವರ್ಷವೇ ಎಂದು ನೋಡಿಕೊಳ್ಳಿ.